ನಬಿಸಾಬನ ಬಲಗೈ ಮತ್ತು ಹವಳದ ನೀರು

ಉರಿಯುವ ಬಲ್ಬನ್ನು ಬರಿಗೈಯಲ್ಲಿ ತಿರುಗಿಸಿ ಬಿಚ್ಚುವ ಗಂಡಸು ಕಲಬುರಗಿಯಲ್ಲಿ ಒಬ್ಬನೇ ಇದ್ದ. ಅವನೇ ಲೈಟಿನ ನಬಿಸಾಬ್. ಮದುವೆ ಹಂದರದಲ್ಲಿ ಇನ್ನೂರು ವ್ಯಾಟಿನ ಬಲ್ಬು ತಾಸುಗಟ್ಟಲೆ ಉರಿದು ಕಾದ ಹಂಚಿನಂತಾಗಿರುತ್ತಿತ್ತು. ಉಳಿದವರು ಕೈಗೆ ಟವೆಲ್ ಸುತ್ತಿಕೊಂಡು ಒದ್ದಾಡುವಾಗ ಇವನು ಏಣಿಯ ತುದಿಯಲ್ಲಿ ನಿಂತು ಬಲಗೈ ಚಾಚಿ ಬಿಚ್ಚಿ, ಕೆಳಗೆ ಬಾಯಿ ತೆರೆದು ನೋಡುವವರಿಗೆ ಅದನ್ನು ಎತ್ತಿ ತೋರಿಸಿ ನಗುತ್ತಿದ್ದ. ತೊಂಬತ್ತೆರಡನೇ ಇಸವಿಯಲ್ಲಿ ನೆಹರು ಗಂಜಿನ ತೊಗರಿ ವ್ಯಾಪಾರಿ ಗುರುಲಿಂಗಪ್ಪನವರ ಮಗಳ ಮದುವೆಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಇದನ್ನು ಕಂಡು ಅವನ ಹೆಗಲಿಗೆ ಶಾಲು ಹೊದಿಸಿದ್ದರು. ಆ ಶಾಲನ್ನು ಅವನು ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದ.

ಮರುದಿನ ಅಂಗೈಯಲ್ಲಿ ಬೊಬ್ಬೆ ಎದ್ದಿರುತ್ತಿತ್ತು. ನೋಯುತ್ತಿರಲಿಲ್ಲ. ನೋಯದ ಬೊಬ್ಬೆಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಹಿರಿಯರು ದೊಡ್ಡದಾಗಿ ಕೇಳಿಟ್ಟು ಹೋಗಿದ್ದಾರೆ. ಕೆಲವರಿಗೆ ಬೇಕಾಗುತ್ತದೆ ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಕೈಗೆ ಈ ಹೆಸರು ಬಂದದ್ದು ಬಲ್ಬಿನಿಂದಲ್ಲ, ಅದಕ್ಕೂ ಹಿಂದೆ ಬಾಳೆಯಿಂದ. ಅವನ ಅಪ್ಪ ಕರೀಂಸಾಬ್ ಕಲಬುರಗಿ ಹತ್ತಿರದ ಕಮಲಾಪುರದಲ್ಲಿ ಕೆಂಪು ಬಾಳೆಯ ಗೊನೆಗಳನ್ನು ತೋಟದಿಂದ ತಂದು ಹಣ್ಣು ಮಾಡುತ್ತಿದ್ದ. ಮನೆಯ ಹಿಂದೆ ಕಿಟಕಿಯಿಲ್ಲದ ಒಂದು ಮಣ್ಣಿನ ಕೋಣೆ. ಒಳಗೆ ಒಣ ಎಲೆ ಹಾಸಿ ಗೊನೆಗಳನ್ನು ಒರಗಿಸಿ, ಮೂಲೆಯಲ್ಲಿ ಒಂದು ಗಡಿಗೆಯಲ್ಲಿ ಸಗಣಿ ಕುಳ್ಳಿನ ಕೆಂಡ ಇಟ್ಟು, ಬಾಗಿಲಿನ ಸಂದಿಗೆಲ್ಲ ಮಣ್ಣು ಮೆತ್ತುತ್ತಿದ್ದರು. ಗೋಡೆಯಲ್ಲಿ ಕೈ ಹೋಗುವಷ್ಟು ಒಂದು ಕಿಂಡಿ, ಅದಕ್ಕೆ ಬಟ್ಟೆ ತುರುಕಿರುತ್ತಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕರೀಂಸಾಬ್ ಬಟ್ಟೆ ಕಿತ್ತು ಮೊಣಕೈವರೆಗೆ ಕೈ ಒಳಗೆ ಬಿಟ್ಟು, ಕಣ್ಣು ಮುಚ್ಚಿ ಹತ್ತು ಎಣಿಸುತ್ತಿದ್ದ. ಕಾವು ಹೆಚ್ಚಾದರೆ ಗೊನೆ ಬೆಂದು ಹೋಗುತ್ತದೆ. ಕಡಿಮೆಯಾದರೆ ಕಾಯಿ ಕಾಯಿಯಾಗಿಯೇ ಉಳಿಯುತ್ತದೆ. ನಡುವಿನ ಆ ಒಂದು ಹದವನ್ನು ಹೇಳುವುದು ಕೈ ಮಾತ್ರ. ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ ಗೊನೆಯ ಮಂಕು ಕೆಂಪು ತೆಳುವಾಗಿ ಹೊಳಪೇರಿದರೆ ಕರೀಂಸಾಬ್ "ಬಣ್ಣ ತಿರುಗಿತು" ಎಂದು ಕೂಗುತ್ತಿದ್ದ. ಆ ಮಾತು ಕೇಳಿದರೆ ಮನೆಯವರಿಗೆಲ್ಲ ಜೀವ ಬಂದಂತಾಗುತ್ತಿತ್ತು.

ಈ ಹದ ಹಿರಿಮಗ ಅಲ್ಲಾವುದ್ದೀನನ ಕೈಗೆ ಎಂದೂ ಹತ್ತಲಿಲ್ಲ. ಕಿರಿಯ ನಬಿಸಾಬನಿಗೆ ಹತ್ತನೇ ವಯಸ್ಸಿಗೇ ಹತ್ತಿತು. ಅಪ್ಪ ಸತ್ತ ಮೇಲೆ ಮನೆ ಹಿರಿಯನಿಗೆ, ಕೈ ಕಿರಿಯನಿಗೆ ಎಂದು ಊರವರು ನಕ್ಕರು. ಒಂದು ಕೋಣೆಯ ಬಾಳೆಹಣ್ಣಿನಲ್ಲಿ ಎರಡು ಸಂಸಾರ ನಡೆಯುವುದಿಲ್ಲವೆಂದು ನಬಿಸಾಬ್ ಎಂಬತ್ನಾಲ್ಕರಲ್ಲಿ ಹೆಂಡತಿ ಹಲೀಮಾಳನ್ನು ಕರೆದುಕೊಂಡು ಕಲಬುರಗಿಗೆ ಬಂದು ಲೈಟಿನ ಕೆಲಸ ಕಲಿತ. ಆದರೂ ಸುಗ್ಗಿಯಲ್ಲಿ ಅಣ್ಣ ಹೇಳಿಕಳಿಸಿದಾಗಲೆಲ್ಲ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ ಕಿಂಡಿಯಲ್ಲಿ ಕೈಯಿಟ್ಟು ಬರುತ್ತಿದ್ದ. ನಗರದ ಅವನ ಓಣಿಯಲ್ಲಿ ಕೂಸುಗಳು ಅಳುತ್ತಿದ್ದರೆ ತಾಯಂದಿರು ಅವನ ಮನೆಗೇ ಎತ್ತಿಕೊಂಡು ಬರುತ್ತಿದ್ದರು. ಅವನು ಹಣೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಅಪ್ಪನ ಹಾಗೆಯೇ ಹತ್ತು ಎಣಿಸಿ, ಜ್ವರ ಅದ ಅಥವಾ ಇಲ್ಲ ಎಂದು ತೀರ್ಪು ಕೊಡುತ್ತಿದ್ದ. ಒಂದು ಕಾಲಕ್ಕೆ ಆ ತೀರ್ಪು ಸುಳ್ಳಾಗುತ್ತಿರಲಿಲ್ಲ, ಇದನ್ನು ಒಪ್ಪಲೇಬೇಕು.

ಅವನದೇ ಮಗಳು ಶಾಹಜಾದಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಒಂದೇ ಒಂದು ಕೂಸು. ತೊಂಬತ್ಮೂರರ ಮಳೆಗಾಲದಲ್ಲಿ, ಏಳನೇ ವಯಸ್ಸಿನಲ್ಲಿ, ಕಮಲಾಪುರದ ಮನೆಯಲ್ಲಿ ಹಾಸಿಗೆ ಹಿಡಿದಳು. ಮೊದಲ ದಿನ ನಬಿಸಾಬನೇ ಹಣೆ ಮುಟ್ಟಿ ನೋಡಿದ್ದ. ಜ್ವರವಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಮೈ ಸೆಟೆಯಿತು. ಕಲಬುರಗಿಯ ದವಾಖಾನೆಗೆ ಮುಟ್ಟಿಸಿದಾಗ ಮೆದುಳು ಜ್ವರ ಎಂದರು, ಒಂದು ದಿನ ಮೊದಲೇ ತಂದಿದ್ದರೆ ನೋಡಬಹುದಿತ್ತು ಎಂದರು. ಮೂರನೆಯ ದಿನ ಮುಗಿಯಿತು. ನಬಿಸಾಬನ ಕೈಗೂ ತಿಳಿಯದ ಹಾಗೆ ಬಂದ ಜ್ವರ ಎಂದರೆ ಅದು ಅಲ್ಲಾಹನ ಇಚ್ಛೆಯೇ ಇರಬೇಕು ಎಂದು ಬಂದವರೆಲ್ಲ ಹೇಳಿ ಹೋದರು. ಗಂಡ ಹೆಂಡತಿ ಆ ಮಾತನ್ನು ಹಿಡಿದುಕೊಂಡೇ ನಾಲ್ಕು ವರ್ಷ ಬದುಕಿದರು. ಹಲೀಮಾ ಅರ್ಧ ವರ್ಷ ಕಮಲಾಪುರದಲ್ಲೇ ಇರತೊಡಗಿದಳು, ಮಗಳ ಗೋರಿ ಅಲ್ಲಿತ್ತು.

ಇನ್ನು ಗುರುರಾಜ ಮಾಸ್ತರರ ವಿಷಯ. ಅವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಸಮುದ್ರ ನೋಡಿದ್ದು ಎರಡೇ ಸಲ, ಅದರ ಬಗ್ಗೆ ಮಾತಾಡಿದ್ದು ಇಪ್ಪತ್ತು ವರ್ಷ. ಕುಸನೂರ ಹಾದಿಯಲ್ಲಿ ಮನೆ ಕಟ್ಟಿಸಿದ ಮೇಲೆ, ತೊಂಬತ್ತೈದರ ದೀಪಾವಳಿಗೆ, ಮುಂಬೈಯಲ್ಲಿದ್ದ ಭಾವಮೈದುನನ ಕೈಯಿಂದ ರೈಲಿನಲ್ಲಿ ಸಮುದ್ರದ ಒಂದು ತುಂಡನ್ನೇ ತರಿಸಿಕೊಂಡರು: ನಾಲ್ಕು ಅಡಿಯ ಗಾಜಿನ ತೊಟ್ಟಿ, ನೀರಿಗೆ ಬೆರೆಸುವ ಉಪ್ಪಿನ ಪುಡಿ, ಎರಡು ಪಟ್ಟೆ ಮೀನು, ಮತ್ತು ಕಲ್ಲಿಗೆ ಅಂಟಿಕೊಂಡ ಜೀವಂತ ಹವಳ. ಹೆಂಡತಿ ಇಂದೂಬಾಯಿ ಮಡಿಯವರು. "ಹವಳ ಅಂದ್ರ ಉಂಗುರದಾಗ ಇರಬೇಕು. ಮೀನಿನ ಜೋಡಿ ಮನ್ಯಾಗ ಇರೂದು ಯಾವ ಶಾಸ್ತ್ರದಾಗ ಅದ?" ಎಂದು ಗೊಣಗಿ, ತೊಟ್ಟಿ ಪಡಸಾಲೆಯ ಪಕ್ಕದ ಕೋಣೆ ದಾಟಬಾರದು, ತಾನು ಅದನ್ನು ಮುಟ್ಟುವುದಿಲ್ಲ ಎಂದು ಕರಾರು ಹಾಕಿ ಒಪ್ಪಿದ್ದರು.

ಆ ತೊಟ್ಟಿಯ ಬೆಳಕಿನ ಕೆಲಸ ನಬಿಸಾಬನಿಗೆ ಬಂತು. ಮೊದಲು ನಾಲ್ಕು ಟ್ಯೂಬ್‌ಲೈಟು ಹಾಕಿದ. ಟ್ಯೂಬಿಗೆ ಕಾವು ಕಡಿಮೆ. ಗಾಜಿಗೆ ಒದ್ದೆ ಗೋಣಿಚೀಲ ಹೊದಿಸಿ, ನೀರಿನ ಮೇಲೆ ಸಣ್ಣ ಫ್ಯಾನು ಬಿಟ್ಟು, ಮಾಸ್ತರರು ಒಂದು ಬೇಸಿಗೆ ಪಾರು ಮಾಡಿದರು. ಹವಳ ಸಾಯಲಿಲ್ಲ, ಆದರೆ ಬೆಳೆಯಲೂ ಇಲ್ಲ. ರಾಗಿ ಮುದ್ದೆಯ ಬಣ್ಣಕ್ಕೆ ತಿರುಗಿ ಮಂಕಾಗಿ ಕೂತಿತು. ತಾಸುಗಟ್ಟಲೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂಡುವ ಮಾಸ್ತರರನ್ನು ನೋಡಿ ನಬಿಸಾಬನಿಗೆ ಕೆಡುಕೆನಿಸುತ್ತಿತ್ತು. ಮಕ್ಕಳಿಲ್ಲದ ಮನೆ ಅದು. ತನ್ನ ಮನೆಯೂ ಈಗ ಹಾಗೆಯೇ.

"ಇವಕ್ಕ ಬೆಳಕೇ ಊಟ, ನಬಿಸಾಬ," ಎಂದು ಮಾಸ್ತರರು ಒಂದು ದಿನ ಪಾಠ ಮಾಡಿದರು. "ಹವಳದ ಮೈಯೊಳಗ ಕಣ್ಣಿಗೆ ಕಾಣದಂಥ ಸಣ್ಣ ಜೀವ ಇರ್ತಾವ. ಬೆಳಕು ಬಿದ್ರ ಅವು ಅಡಿಗಿ ಮಾಡ್ತಾವ, ಹವಳ ಉಣ್ತದ. ಆದ್ರ ನೀರು ಕಾದ್ರ ಅಡಿಗಿಯವ್ರು ಮನಿ ಬಿಟ್ಟು ಓಡಿಹೋಗ್ತಾರ, ಹವಳ ಉಪವಾಸ ಬಿದ್ದು ಸಾಯ್ತದ. ಬೆಳಕು ಬೇಕು, ಕಾವು ಬ್ಯಾಡ. ಏನು ಮಾಡೂದು, ಅವೆರಡೂ ಒಂದ ತಾಯಿ ಮಕ್ಕಳು. ಒಬ್ಬನ್ನ ಕರದ್ರ ಇನ್ನೊಬ್ಬ ಬೆನ್ನು ಹತ್ತಿ ಬರ್ತಾನ."

ಅಡಿಗೆಯವರು ಓಡಿಹೋದರೆ ಹವಳದ ಬಣ್ಣ ಏನಾಗುತ್ತದೆ ಎಂಬುದನ್ನು ಮಾಸ್ತರರು ಹೇಳಲಿಲ್ಲ. ಕಲಿಸುವವರು ಯಾವಾಗಲೂ ಹೀಗೇ, ಪರೀಕ್ಷೆಗೆ ಬರುವ ಪ್ರಶ್ನೆಯನ್ನೇ ಬಿಟ್ಟಿರುತ್ತಾರೆ.

"ಹ್ಯಾಲೈಡ್ ಲೈಟ್ ಹಾಕೂಣ್ರಿ ಸರ," ಎಂದ ನಬಿಸಾಬ್. "ಸರಾಫ್ ಬಜಾರದಾಗ ಬಂಗಾರ ಹೊಳಸಾಕ ಹಾಕ್ತಾರಲ್ರಿ, ಅದು. ಸೂರ್ಯನ್ನ ತಂದು ತೊಲಿಗಿ ಕಟ್ಟಿಧಂಗ ಇರ್ತದ."

ಮಾಸ್ತರರು ಪುಸ್ತಕ ತಿರುವಿ, ಯೋಚಿಸಿ ಹೂಂ ಅಂದರು. ತೊಂಬತ್ತೇಳರ ಜನವರಿಯಲ್ಲಿ ನಬಿಸಾಬ್ ಆ ದೀಪವನ್ನು ಸರಪಳಿಯಲ್ಲಿ ಸೂರಿನಿಂದ ಇಳಿಬಿಟ್ಟ. ನೀರಿಗೂ ದೀಪಕ್ಕೂ ಎರಡು ಗೇಣಾದರೂ ಅಂತರ ಇರಲಿ ಎಂದು ಮಾಸ್ತರರು ಹೇಳಿದರು. ನಬಿಸಾಬ್ ತನ್ನ ರೀತಿಯಲ್ಲಿ ನೋಡಿದ. ದೀಪ ಹಚ್ಚಿ, ಬಲಗೈಯನ್ನು ನೀರಿನ ಮಟ್ಟಕ್ಕೆ ಚಾಚಿ, ಕಣ್ಣು ಮುಚ್ಚಿ ಹತ್ತು ಎಣಿಸಿದ. ಸರಪಳಿ ಇಳಿಸಿ ಮತ್ತೆ ಎಣಿಸಿದ. ಒಂದೇ ಗೇಣಿಗೆ ತಂದರೂ ಕೈಗೆ ಏನೂ ತಾಗಲಿಲ್ಲ.

"ಥಣ್ಣಗ ಅದರಿ. ಒಂದ ಗೇಣು ಸಾಕು. ಬೆಳಕು ಚಲೋ ಬೀಳ್ತದ."

ಮಾಸ್ತರರು ವಿಜ್ಞಾನ ಓದಿದವರೇ. ಆದರೆ ಆ ಕೈಯ ಕೀರ್ತಿ ಅವರ ಕಿವಿಗೂ ಬಿದ್ದಿತ್ತು. ಅದು ಚಳಿಗಾಲ, ನೀರೊಳಗಿನ ಥರ್ಮಾಮೀಟರು ಇಪ್ಪತ್ತೇಳರಲ್ಲೇ ನಿಂತಿತ್ತು. ಸರಿ ಎಂದರು. ಫೆಬ್ರುವರಿ ಮುಗಿಯುವ ಹೊತ್ತಿಗೆ ಹವಳ ನೇರಳೆಯ ಚಿಗುರು ಬಿಟ್ಟಿತು. ಮಾಸ್ತರರು ಮಗುವಿನಂತೆ ಕುಣಿದಾಡಿ, ನಬಿಸಾಬನ ಬಲಗೈ ಹಿಡಿದು ಕುಲುಕಿ, ಮುಂಬಾಗಿಲಿನಿಂದ ಒಳಗೆ ಬಾ, ಇನ್ನು ಹಿತ್ತಲಿನಿಂದ ಬರಬೇಡ ಎಂದರು. ಇಂದೂಬಾಯಿ ಎಂದಿನಂತೆ ಅವನಿಗೆಂದು ಬೇರೆ ಇಟ್ಟಿದ್ದ ಗಾಜಿನ ಲೋಟದಲ್ಲಿ ಚಹಾ ಕೊಟ್ಟರು.

ಏಪ್ರಿಲ್‌ನಲ್ಲಿ ಮಾಸ್ತರರಿಗೆ ಪರೀಕ್ಷೆಯ ಪೇಪರು ತಿದ್ದಲು ಧಾರವಾಡಕ್ಕೆ ಕರೆ ಬಂತು. ಎರಡು ವಾರದ ಕೆಲಸ. ಹೊರಡುವ ಮುನ್ನ ಥರ್ಮಾಮೀಟರಿನ ಇಪ್ಪತ್ತೆಂಟರ ಗೆರೆಗೆ ಒಂದು ಕರಿ ದಾರ ಕಟ್ಟಿ ನಬಿಸಾಬನಿಗೆ ತೋರಿಸಿದರು.

"ಕೆಂಪು ಗೆರಿ ಈ ದಾರ ದಾಟ್ತಂದ್ರ ದೊಡ್ಡ ಲೈಟ್ ಬಂದ್ ಮಾಡು. ಟ್ಯೂಬ್‌ಲೈಟ್ ಅಷ್ಟ ಹಚ್ಚು. ಬೆಳಕು ಕಡಿಮಿ ಆದ್ರೂ ಚಿಂತಿಲ್ಲ, ನೀರು ಕಾಯಬಾರದು. ನಿನ್ನ ಮ್ಯಾಲೆ ಬಿಟ್ಟು ಹೊಂಟೀನಿ ನೋಡಪಾ."

"ನೀವು ಬರೂದ್ರಾಗ ಹೂವಿನಂಗ ಅರಳಿಸಿ ಇಡ್ತೀನ್ರಿ," ಎಂದ ನಬಿಸಾಬ್. ನಾಲ್ಕು ವರ್ಷದ ಮೇಲೆ ಯಾರೋ ಒಂದು ಜೀವವನ್ನು ನಂಬಿ ಅವನ ಕೈಗೆ ಒಪ್ಪಿಸಿದ್ದರು. ಹವಳ ಉಳಿಯಬೇಕು, ತನ್ನ ಕೈ ಮತ್ತೆ ಗೆಲ್ಲಬೇಕು ಎಂದು ಅವನು ಹಟ ಹಿಡಿದವನಂತೆ ಅಂದುಕೊಂಡ.

ಮೂರನೆಯ ದಿನ ಬಿಸಿಲು ಕಲ್ಲು ಸೀಳುವ ಹಾಗೆ ಏರಿತು. ಶಹಾಬಾದ್ ಫರಸಿಯ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ನಬಿಸಾಬ್ ಬಂದು ನೋಡಿದಾಗ ಕೆಂಪು ಗೆರೆ ಕರಿ ದಾರವನ್ನು ದಾಟಿ ಒಂದು ಬೆರಳು ಮೇಲೆ ನಿಂತಿತ್ತು. ದೀಪದ ಗುಂಡಿಯ ಹತ್ತಿರ ಕೈ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಒಂದು ಸಲ ನೋಡಿಯೇ ಬಿಡೋಣ ಎಂದು ಅವನು ಅಂಗಿಯ ತೋಳು ಮಡಚಿ ಬಲಗೈಯನ್ನು ಮೊಣಕೈವರೆಗೆ ನೀರಿಗೆ ಬಿಟ್ಟು ಕಣ್ಣು ಮುಚ್ಚಿದ. ಹತ್ತು ಎಣಿಸಿದ. ಮತ್ತೆ ಹತ್ತು ಎಣಿಸಿದ. ಕಾವಿನ ಸುಳಿವೇ ಇಲ್ಲ.

ಆಗ ಅವನು ಬುದ್ಧಿವಂತರೆಲ್ಲ ಮಾಡುವ ಕೆಲಸ ಮಾಡಿದ. ದೀಪದ ಬೆಳಕು ನೆಟ್ಟಗೆ ಥರ್ಮಾಮೀಟರಿನ ಗಾಜಿನ ಕಡ್ಡಿಯ ಮೇಲೆಯೇ ಬೀಳುತ್ತಿದೆ, ಕಡ್ಡಿ ತಾನು ಕಾದು ನೀರಿನ ಮೇಲೆ ಚಾಡಿ ಹೇಳುತ್ತಿದೆ ಎಂದು ತರ್ಕಿಸಿದ. ಅಪ್ಪನ ಕಾಲದಲ್ಲಿ ಯಾವ ಕಡ್ಡಿಯಿತ್ತು? ಸಾವಿರ ಗೊನೆ ಹಣ್ಣು ಮಾಡಿದ್ದು ಕೈಯೋ ಕಡ್ಡಿಯೋ? ಥರ್ಮಾಮೀಟರನ್ನು ಹೊರಗೆ ತೆಗೆದು, ಒರೆಸಿ, ಗೋಡೆಯ ಮಾಡದಲ್ಲಿಟ್ಟ. ದೀಪ ಉರಿಯುತ್ತಲೇ ಇತ್ತು. ಕೈ ತಣ್ಣಗಿದೆ ಎಂದು ಹೇಳಿರಲಿಲ್ಲ. ಕೈ ಏನನ್ನೂ ಹೇಳಿರಲಿಲ್ಲ. ಏನೂ ಹೇಳದ್ದನ್ನು ತಣ್ಣಗೆ ಎಂದು ಅರ್ಥ ಮಾಡಿಕೊಂಡವನು ಅವನು.

ಐದನೆಯ ದಿನ ಹವಳದ ನೇರಳೆ ತೆಳುವಾಯಿತು. ಏಳನೆಯ ದಿನ ಕಲ್ಲಿನ ಮೇಲಿನ ಕಂದು ಹವಳಗಳೂ ಬಣ್ಣ ತೆಳುವಾಗಿ, ದೀಪದ ಕೆಳಗೆ ಒಳಗಿನಿಂದಲೇ ಹೊಳೆಯುವಂತೆ ಕಂಡವು. ಕಮಲಾಪುರದ ಕೋಣೆಯಲ್ಲಿ ಬೆಳೆದ ಮನುಷ್ಯನಿಗೆ ಮಂಕು ಬಣ್ಣ ತೆಳುವಾಗಿ ಹೊಳಪೇರುವುದೆಂದರೆ ಏನು? ಅವನ ಬಾಯಿಂದ ತಾನಾಗಿ ಅಪ್ಪನ ಮಾತು ಬಂತು.

"ಬಾಯಾರ, ಬರ್ರಿ, ನೋಡ್ರಿ! ಬಣ್ಣ ತಿರುಗ್ಯದ!"

ಇಂದೂಬಾಯಿ ಬಾಗಿಲ ಹೊಸ್ತಿಲಲ್ಲೇ ನಿಂತು ನೋಡಿದರು. "ಅಯ್ಯ, ಮಲ್ಲಿಗಿ ಹೂವಿನಂಗ ಕಾಣ್ತದಲ್ಲ! ಅವ್ರು ಬಂದು ನೋಡಿದ್ರ ಹಿರಿ ಹಿರಿ ಹಿಗ್ತಾರ," ಎಂದರು. ಮೊದಲ ಸಲ ಆ ತೊಟ್ಟಿಯನ್ನು ಅವರು ಹೊಗಳಿದ್ದರು. ನಬಿಸಾಬ್ ಅವತ್ತು ಸೈಕಲ್ ತುಳಿಯುತ್ತ ಮನೆಗೆ ಹೋಗುವಾಗ ಹಾಡಿಕೊಂಡು ಹೋದ.

ಹತ್ತನೆಯ ದಿನ ಒಂದು ಮೀನು ಅಡಿಮೇಲಾಗಿ ತೇಲಿತು. ಮರುದಿನ ಇನ್ನೊಂದು. ಕೋಣೆಯಲ್ಲಿ ಕೊಳೆತ ವಾಸನೆ ಎದ್ದಿತು, ಇಂದೂಬಾಯಿ ಸೆರಗು ಮೂಗಿಗೆ ಹಿಡಿದು ಧಾರವಾಡಕ್ಕೆ ಫೋನು ಮಾಡಿಸಿದರು. ಹದಿಮೂರನೆಯ ದಿನ ಮಾಸ್ತರರು ಬಂದವರು ಚೀಲವನ್ನೂ ಕೆಳಗಿಡದೆ ನೆಟ್ಟಗೆ ತೊಟ್ಟಿಯ ಮುಂದೆ ನಿಂತರು. ತೊಟ್ಟಿಯೊಳಗೆ ಸುಟ್ಟ ಎಲುಬಿನಂಥ ಬಿಳಿ ಕಲ್ಲುಗಳಿದ್ದವು. ಕೆಲವಕ್ಕೆ ಪಾಚಿ ಹಿಡಿಯತೊಡಗಿತ್ತು.

"ಥರ್ಮಾಮೀಟರ್ ಎಲ್ಲದ?"

"ಅದು ಕೆಟ್ಟದರಿ ಸರ. ಸುಳ್ಳು ಹೇಳಾಕತ್ತಿತ್ತು. ತಗದು ಮಾಡದಾಗ ಇಟ್ಟೀನ್ರಿ."

ಮಾಸ್ತರರು ನೀರಿನಲ್ಲಿ ಕೈ ಅದ್ದಿ ಅವನ ಮುಖ ನೋಡಿದರು. "ಇದು ಕೂಸಿಗಿ ಎರಿಯೋ ನೀರು ಆಗ್ಯದಲ್ಲೋ!"

ನಬಿಸಾಬ್ ಬಲಗೈ ಅದ್ದಿದ. "ಇಲ್ರಿ ಸರ. ಥಣ್ಣಗ ಅವರಿ."

"ಎಲ್ಲಾ ಕೊಂದು ಹಾಕಿ ಮ್ಯಾಲೆ ನನ್ನ ಚೇಷ್ಟಾ ಮಾಡ್ತೀಯೇನು?" ಮಾಸ್ತರರ ದನಿ ಹಿಂದೆಂದೂ ಹಾಗೆ ಏರಿರಲಿಲ್ಲ.

"ಖುದಾ ಕೀ ಕಸಮ್ ಸರ. ಕೈ ಸುಳ್ಳು ಹೇಳಂಗಿಲ್ರಿ."

ಆಗ ಇಂದೂಬಾಯಿ ಹೊಸ್ತಿಲು ದಾಟಿ ಒಳಗೆ ಬಂದರು. ಒಂದೂವರೆ ವರ್ಷದಲ್ಲಿ ಒಮ್ಮೆಯೂ ಮುಟ್ಟದ ಆ ನೀರಿಗೆ ನಾಲ್ಕು ಬೆರಳು ಅದ್ದಿ, ಸೆರಗಿಗೆ ಒರೆಸಿಕೊಂಡು ಮೆಲ್ಲಗೆ ಹೇಳಿದರು: "ಬೆಚ್ಚಗ ಅವ, ನಬಿಸಾಬ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು. ಬಲಗೈ ನೀರಿನಲ್ಲಿದ್ದ ಹಾಗೆಯೇ ಎಡಗೈಯನ್ನೂ ಇಳಿಸಿದ. ಎಡಗೈಗೆ ನೀರು ಬೆಚ್ಚಗೆ, ಎಣ್ಣೆಯ ಹಾಗೆ ಮಂದವಾಗಿ ಸುತ್ತಿಕೊಂಡಿತು. ಬಲಗೈ ಎಲ್ಲೂ ಇರಲಿಲ್ಲ. ಒಂದೇ ನೀರಿನಲ್ಲಿ ಎರಡು ಕೈ ಬಿಟ್ಟುಕೊಂಡು ಅವನು ಒಂದಾದ ಮೇಲೊಂದನ್ನು ನೋಡುತ್ತ ನಿಂತ. ಬೆವರು ಹಣೆಯಿಂದ ಇಳಿದು ನೀರಿಗೆ ಬಿತ್ತು.

ಮಾಸ್ತರರು ಅವನ ಬಲಗೈಯನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿದರು. ಕಿರುಬೆರಳೂ ಅದರ ಪಕ್ಕದ್ದೂ ಒಳಕ್ಕೆ ಸೊಟ್ಟಗಾಗಿದ್ದವು. ಸ್ಕ್ರೂ ಡ್ರೈವರು ಹಿಡಿದು ಹಿಡಿದು ಹಾಗಾಗಿದೆ ಎಂದು ಅವನು ಅಂದುಕೊಂಡಿದ್ದ. ಮೊಣಕೈ ಕೆಳಗೆ ಅಂಗೈಯಗಲದ ಒಂದು ತಿಳಿ ಮಚ್ಚೆ, ಮೇಲೆ ರೋಮವಿಲ್ಲ. ಮಾಸ್ತರರು ಪೆನ್ನಿನ ತುದಿಯಿಂದ ಒತ್ತಿದರು. "ಗೊತ್ತಾಗ್ತದೇನು?" "ಏನ್ರಿ ಸರ?" ಎಂದ ನಬಿಸಾಬ್. ಮಾಸ್ತರರ ಮುಖದ ಸಿಟ್ಟು ಇಳಿಯಿತು. ಕೈ ಬಿಟ್ಟರು, ಅರ್ಧ ಹೆಜ್ಜೆ ಹಿಂದೆ ಸರಿದರು. ಆ ಅರ್ಧ ಹೆಜ್ಜೆಯನ್ನು ನಬಿಸಾಬ್ ನೋಡಿದ, ಅವನು ನೋಡಿದ್ದನ್ನು ಅವರೂ ನೋಡಿದರು.

"ಹವಳ ಹಾಳಾಗಿ ಹೋಗ್ಲಿ," ಎಂದರು ಕಡೆಗೆ. "ನಾಳೆ ಮುಂಜಾನೆ ತಯಾರಾಗಿರು. ನಾನ ಬಂದು ದವಾಖಾನಿಗೆ ಕರಕೊಂಡು ಹೋಗ್ತೀನಿ."

ಇಂದೂಬಾಯಿ ಅದೇ ಬೇರೆ ಲೋಟದಲ್ಲಿ ಚಹಾ ತಂದುಕೊಟ್ಟರು. ಅವನ ಲೋಟ ಮೊದಲಿನಿಂದಲೂ ಬೇರೆಯೇ ಇದ್ದುದರಿಂದ ಅವರು ಏನನ್ನೂ ಬದಲಿಸುವ ಪ್ರಸಂಗ ಬರಲಿಲ್ಲ.

ಮಾಸ್ತರರು ಮಾತಿಗೆ ತಪ್ಪಲಿಲ್ಲ, ಸ್ಕೂಟರಿನ ಹಿಂದೆ ಕೂಡಿಸಿಕೊಂಡೇ ಹೋದರು. ದವಾಖಾನೆಯ ಡಾಕ್ಟರು ನಬಿಸಾಬನಿಗೆ ಕಣ್ಣು ಮುಚ್ಚಲು ಹೇಳಿದರು. ಜೀವಮಾನವಿಡೀ ಕಾವು ನೋಡಲು ಕಣ್ಣು ಮುಚ್ಚಿದವನು ಮತ್ತೊಮ್ಮೆ ಮುಚ್ಚಿದ. ಅವರು ಒಂದು ಗಾಜಿನ ನಳಿಗೆಯಲ್ಲಿ ಬಿಸಿ ನೀರು, ಇನ್ನೊಂದರಲ್ಲಿ ತಣ್ಣೀರು ತುಂಬಿ ಒಂದಾದ ಮೇಲೊಂದು ಬಲಗೈಗೆ ತಾಗಿಸುತ್ತ, ಯಾವುದು ಬಿಸಿ, ಯಾವುದು ತಂಪು ಎಂದು ಕೇಳಿದರು. ಅವನು ಹತ್ತು ಎಣಿಸಿ "ಥಂಡಾ" ಎಂದ. ಮತ್ತೆ "ಥಂಡಾ" ಎಂದ. ಎಂಟು ಸಲ ಕೇಳಿದರು, ಎಂಟು ಸಲವೂ ಅದನ್ನೇ ಹೇಳಿದ. ಕಣ್ಣು ತೆರೆದಾಗ ಮಾಸ್ತರರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

ಡಾಕ್ಟರು ಮೊಣಕೈಯ ನರವನ್ನು ಬೆರಳಿನಿಂದ ಉರುಳಿಸಿ ನೋಡಿದರು. ಅದು ಹಗ್ಗದಂತೆ ದಪ್ಪಗಾಗಿತ್ತು. ಜನ ಮಹಾರೋಗ ಎನ್ನುವ ರೋಗದ ಹೆಸರನ್ನು ಅವರು ಮೆಲ್ಲಗೆ, ಆದರೆ ಸುತ್ತಿ ಬಳಸದೆ ಹೇಳಿದರು. "ಹೆದರಬ್ಯಾಡ್ರಿ. ಒಂದು ವರ್ಷ ಗುಳಿಗಿ ನುಂಗ್ರಿ, ರೋಗ ನಿಲ್ತದ. ಗುಳಿಗಿ ಶುರು ಮಾಡಿದ್ರ ಇನ್ನೊಬ್ಬರಿಗಿ ಹತ್ತೂದಿಲ್ಲ. ಆದ್ರ ಈ ಕೈಗಿ ಹೋದ ಸ್ಪರ್ಶ ಹೊಳ್ಳಿ ಬರಂಗಿಲ್ಲ. ನಾ ಸುಳ್ಳು ಹೇಳಂಗಿಲ್ಲ."

"ಇದು ಯಾವಾಗಿಂದ ಅದರಿ?" ಎಂದು ನಬಿಸಾಬ್ ಕೇಳಿದ.

"ನೀವ ಹೇಳ್ಬೇಕು. ಸುಟ್ಟದ್ದು ಗೊತ್ತಾಗದ ಬೊಬ್ಬಿ ಮೊದಲ ಯಾವಾಗ ಬಂತು?"

ಗುರುಲಿಂಗಪ್ಪನವರ ಮಗಳ ಮದುವೆ. ಶಾಲು. ತೊಂಬತ್ತೆರಡು. ನಬಿಸಾಬ್ ಬೆರಳು ಮಡಚಿ ಎಣಿಸಿದ. ಆಮೇಲೆ ಅವನ ಎಣಿಕೆ ಒಂದು ವರ್ಷ ಮುಂದಕ್ಕೆ ಬಂದು ನಿಂತಿತು, ಅಲ್ಲಿಂದ ಕದಲಲಿಲ್ಲ. ಡಾಕ್ಟರು ಏನೋ ಹೇಳುತ್ತಿದ್ದರು, ಗುಳಿಗೆಯ ಪಟ್ಟಿ ತೋರಿಸುತ್ತಿದ್ದರು. ಅವನಿಗೆ ಕೇಳಿಸಲಿಲ್ಲ.

ಮಾಸ್ತರರು ಮನೆಗೆ ಬಿಡುತ್ತೇನೆಂದರೂ ಕೇಳದೆ ಅವನು ಬಸ್ ನಿಲ್ದಾಣಕ್ಕೆ ನಡೆದು ಕಮಲಾಪುರದ ಬಸ್ಸು ಹತ್ತಿದ. ಹಲೀಮಾ ಅಲ್ಲಿದ್ದಳು. ಕಿಟಕಿಯ ಪಕ್ಕದಲ್ಲಿ ಕೂತು, ಬಲಗೈಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಅವನು ಆ ಸಂಜೆಯನ್ನು ಮತ್ತೆ ನೋಡಿದ. ಶಾಹಜಾದಿ ಬಾಳೆ ಕೋಣೆಯ ಗೋಡೆಗೆ ಒರಗಿ ಮಲಗಿದ್ದಳು. ಅವನು ಆಗಷ್ಟೇ ಕಿಂಡಿಯಿಂದ ಕೈ ತೆಗೆದು, ಕಾವು ಸಾಲದು, ಇನ್ನಷ್ಟು ಕೆಂಡ ಹಾಕು ಎಂದು ಅಣ್ಣನಿಗೆ ಹೇಳಿದ್ದ. ಹಲೀಮಾ ಬಂದು, "ಬದನ್ ಗರಂ ಹೈ ಜೀ, ಕಡೀ ಬಸ್ಸಿಗಾದ್ರೂ ಕಲಬುರಗಿಗಿ ಹೋಗೂಣು," ಎಂದಿದ್ದಳು. ಅವನು ಹಣೆಯ ಮೇಲೆ ಕೈಯಿಟ್ಟು ಎಣಿಸಿ, ಜ್ವರ ಇಲ್ಲ, ಸುಮ್ಮನೆ ಗಾಬರಿಯಾಗಬೇಡ ಎಂದಿದ್ದ. ಕಡೆಯ ಬಸ್ಸು ಹೋಯಿತು. ಆ ವಾರದ ಗೊನೆಗಳೆಲ್ಲ ಬೆಂದು ಕಪ್ಪಾಗಿದ್ದವು. ಸಾವಿನ ಮನೆಯಲ್ಲಿ ನೋಡುವವರಿಲ್ಲದೆ ಹಾಗಾಯಿತು ಎಂದು ಅಣ್ಣ ಎಲ್ಲವನ್ನೂ ದನಗಳಿಗೆ ಸುರಿದಿದ್ದ. ಗೊನೆಗಳು ಅಂದೇ ಸಾಕ್ಷಿ ಹೇಳಿದ್ದವು, ಕೇಳುವವರಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕಿ, ಯಾಕಪ್ಪಾ ಅಳ್ತಿ ಎಂದು ಕೇಳಿದಾಗಲೇ ತಾನು ಅಳುತ್ತಿರುವುದು ಅವನಿಗೆ ತಿಳಿದದ್ದು.

ಮಧ್ಯಾಹ್ನದ ಹೊತ್ತು. ಹಲೀಮಾ ಕೋಣೆಯ ಮುಂದಿನ ಕಟ್ಟೆಯ ಮೇಲೆ ಗೊನೆಯಿಂದ ಹಣ್ಣು ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದಳು. ಅಲ್ಲಾವುದ್ದೀನ್ ಸಂತೆಗೆ ಹೋಗಿದ್ದ. ನಬಿಸಾಬ್ ಅವಳ ಎದುರು ಕೂತು, ತೊಟ್ಟಿಯಿಂದ ಹಿಡಿದು ಡಾಕ್ಟರ ನಳಿಗೆಯವರೆಗೆ ಎಲ್ಲವನ್ನೂ ಹೇಳಿದ. ರೋಗದ ಹೆಸರನ್ನೂ ಹೇಳಿದ. ಅವಳು ಎದ್ದು ಓಡಲಿಲ್ಲ. ಟವೆಲು ಬಿಚ್ಚಿ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ತಿರುವಿ ತಿರುವಿ ನೋಡಿದಳು.

"ಗುಳಿಗಿ ಕೊಟ್ಟಾರಲ್ಲ, ಆರಾಮ ಆಗ್ತದ ಬಿಡ್ರಿ," ಎಂದಳು. ಆಮೇಲೆ ಕೇಳಿದಳು: "ಎಷ್ಟು ದಿನದ್ದಂತ ಇದು?"

ಸುಳ್ಳು ಹೇಳಬಹುದಿತ್ತು. ಈ ವರ್ಷದ್ದು ಎಂದರೆ ಅವಳು ನಂಬುತ್ತಿದ್ದಳು, ಇಪ್ಪತ್ತು ವರ್ಷ ಅವನ ಎಲ್ಲ ಮಾತನ್ನೂ ನಂಬಿದ್ದಳು. ಬಸ್ಸಿನಲ್ಲಿ ಅವನು ಆ ಸುಳ್ಳನ್ನು ಹತ್ತು ಸಲ ಬಾಯಲ್ಲಿ ಹೊರಳಿಸಿಯೂ ಬಂದಿದ್ದ.

"ಐದು ವರ್ಷದ್ದು," ಎಂದ.

ಹಲೀಮಾ ಬುಟ್ಟಿಯ ಕಡೆ ನೋಡಿದಳು. ತುಟಿ ಅಲುಗಿತು, ಅವಳೂ ಎಣಿಸುತ್ತಿದ್ದಳು. ಎಣಿಕೆ ಮುಗಿದದ್ದು ಅವಳ ಮುಖದಲ್ಲಿ ಅವನಿಗೆ ಕಂಡಿತು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದ. ಅವಳು ಅವನ ಕೈಯನ್ನು ಮಡಿಲಿನಿಂದ ಎತ್ತಿ, ಹಾಸಿಗೆಯಲ್ಲಿ ಕೂಸನ್ನು ಮಲಗಿಸುವಷ್ಟು ಹಗುರಾಗಿ ಕಟ್ಟೆಯ ಮೇಲೆ ಇಟ್ಟಳು.

"ನಾನೂ ಅವತ್ತು ಹಣಿ ಮುಟ್ಟಿ ನೋಡಿದ್ದೆ," ಎಂದಳು. "ಕೆಂಡದಂಗ ಸುಡತಿತ್ತು. ನನ್ನ ಕೈಗಿ ಗೊತ್ತಾಗಿತ್ತು, ಜೀ. ನೀವು ಇಲ್ಲ ಅಂದ ಮ್ಯಾಲೆ ನನ್ನ ಕೈಯೇ ಸುಳ್ಳಂತ ತಿಳಕೊಂಡೆ."

ಹಲೀಮಾ ತನ್ನ ಬಲಗೈಯನ್ನು ತಾನೇ ಸ್ವಲ್ಪ ಹೊತ್ತು ನೋಡಿಕೊಂಡಳು. ಆಮೇಲೆ ಎದ್ದು ಹೋಗಿ ಗೋಡೆಯ ಕಿಂಡಿಯ ಬಟ್ಟೆ ಕಿತ್ತು, ಆ ಕೈಯನ್ನು ಒಳಗೆ ಬಿಟ್ಟಳು.

"ಕಾವು ಹೆಚ್ಚಾಗ್ಯದ," ಎಂದು ಅವನ ಕಡೆ ತಿರುಗದೆಯೇ ಹೇಳಿ, ಬಾಗಿಲಿನ ಮಣ್ಣು ಕೆರೆಯತೊಡಗಿದಳು.